ಒಂದು ಪಂಚೆ, ಒಂದು ಹಗ್ಗ, ಒಂದು ಬಳೆ: ಭ್ರೂಣದಲ್ಲಿ ಮೆಸೆಂಟರಿ ಬೆಳೆಯುವ ಬಗೆಯನ್ನು ಕೈಯಲ್ಲೇ ಕಲಿಯೋಣ

"ಮೇಡಂ, ಟ್ರಾನ್ಸ್‌ವರ್ಸ್ ಕೋಲನ್‌ಗೆ ಮೆಸೆಂಟರಿ ಇದೆ. ಪಕ್ಕದಲ್ಲೇ ಇರೋ ಅಸೆಂಡಿಂಗ್ ಕೋಲನ್‌ಗೆ ಯಾಕಿಲ್ಲ?"

ಕೋಲನ್ ಎಂದರೆ ದೊಡ್ಡ ಕರುಳು: ಬಲಗಡೆ ಮೇಲಕ್ಕೇರುವುದು ಅಸೆಂಡಿಂಗ್, ಹೊಟ್ಟೆಗೆ ಅಡ್ಡ ಹೋಗುವುದು ಟ್ರಾನ್ಸ್‌ವರ್ಸ್, ಎಡಗಡೆ ಇಳಿಯುವುದು ಡಿಸೆಂಡಿಂಗ್. ಮೆಸೆಂಟರಿ ಎಂದರೆ ಕರುಳನ್ನು ಬೆನ್ನಿನ ಗೋಡೆಗೆ ಹಿಡಿದಿಡುವ ಪೊರೆ. ಇದು ಬೆಂಗಳೂರಿನಲ್ಲಿ ಮೊದಲ ವರ್ಷದ ಎಂಬಿಬಿಎಸ್ ಓದುತ್ತಿದ್ದ ಹುಡುಗಿಯೊಬ್ಬಳು ಬಸವನಗುಡಿಯ ನಮ್ಮ ಮನೆಗೆ ಬಂದು ಕೇಳಿದ ಪ್ರಶ್ನೆ. ಹತ್ತನೇ ತರಗತಿಯವರೆಗೆ ಕನ್ನಡದಲ್ಲೇ ಓದಿದವಳು. ಪುಸ್ತಕದ ಚಿತ್ರಗಳನ್ನೆಲ್ಲ ಬಣ್ಣದ ಪೆನ್ಸಿಲ್ಲಿನಲ್ಲಿ ಬರೆದುಕೊಂಡಿದ್ದಳು, ಹೆಸರುಗಳೆಲ್ಲ ಬಾಯಿಗೆ ಬರುತ್ತಿದ್ದವು, ಆದರೂ ಒಂದು ಪೊರೆ ಇನ್ನೊಂದಕ್ಕೆ ಹೇಗೆ ಸೇರುತ್ತದೆ ಎಂಬುದು ಕಣ್ಣಿಗೆ ಕಟ್ಟುತ್ತಿರಲಿಲ್ಲ. ನಾನು ಒಳಗಿನಿಂದ ಹಳೆಯ ಲಂಗವೊಂದನ್ನು ತಂದು, ಲಾಡಿ ತೂರಿಸುವ ಅಂಚನ್ನು ಅವಳ ಕೈಗೆ ಕೊಟ್ಟೆ. ಲಾಡಿಯೇ ಕರುಳು. ಲಾಡಿಯನ್ನು ಸುತ್ತಿಕೊಂಡು, ಅದರ ಕೆಳಗೆ ಹೊಲಿಗೆ ಬಿದ್ದ ಜಾಗದಲ್ಲಿ ಒಂದಕ್ಕೊಂದು ಒತ್ತಿಕೊಂಡ ಎರಡು ಪದರ ಬಟ್ಟೆಯೇ ಮೆಸೆಂಟರಿ. ಅಸೆಂಡಿಂಗ್ ಕೋಲನ್‌ಗೂ ಅದು ಇದೆ. ಬೆನ್ನಿನ ಗೋಡೆಗೆ ಅಂಟಿಹೋಗಿದೆ, ಅಷ್ಟೇ.

ಮಾಂಸದಡುಗೆಯ ಮನೆಯವರಾದರೆ ಬೋಟಿ ತೊಳೆಯುವಾಗ ಇದನ್ನು ನೋಡಿಯೇ ಇರುತ್ತೀರಿ. ಕರುಳನ್ನು ಎಳೆದರೆ ಅದರ ಒಂದು ಅಂಚಿನ ಉದ್ದಕ್ಕೂ ಕೊಬ್ಬು ಕೂತ ತೆಳು ಪೊರೆ ಹಿಡಿದುಕೊಂಡೇ ಬರುತ್ತದೆ. ಕರುಳಿಗೆ ಬೇಕಾದ ರಕ್ತನಾಳ, ನರ, ದುಗ್ಧನಾಳ ಎಲ್ಲವೂ ಆ ಪೊರೆಯೊಳಗೇ ಓಡಾಡುತ್ತವೆ.

ಅವತ್ತಿನಿಂದ ಮನೆಗೆ ಬರುವ ಮಕ್ಕಳಿಗೆಲ್ಲ ಬಟ್ಟೆಯಲ್ಲೇ ಇದನ್ನು ಮಾಡಿಸುತ್ತಿದ್ದೇನೆ. ಒಂದು ಭಾನುವಾರದ ಮಧ್ಯಾಹ್ನ ಸಾಕು. ಲಿಗಮೆಂಟು, ಓಮೆಂಟಮ್ಮು, ಮೀಸೋಕೋಲನ್ನು ಅಂತ ಹತ್ತಾರು ಹೆಸರುಗಳಿವೆ ನಿಜ, ಆದರೆ ಮೊದಲಿನಿಂದ ಕೊನೆಯವರೆಗೆ ಬಟ್ಟೆ ಒಂದೇ. ಎಲ್ಲೂ ಹರಿದಿಲ್ಲ, ತುಂಡಾಗಿಲ್ಲ. ಇದನ್ನು ಬೆರಳಿಗೆ ಅರ್ಥ ಮಾಡಿಸಬೇಕು.

ಬೇಕಾದ ಸಾಮಾನು

60 ಸೆಂಟಿಮೀಟರ್ ಉದ್ದ, 40 ಅಗಲದ ದಪ್ಪ ರಟ್ಟು. ಅಷ್ಟೇ ಅಳತೆಯ ಎರಡು ತುಂಡು ತೆಳು ಹತ್ತಿ ಬಟ್ಟೆ. ಹಳೆಯ ಪಂಚೆಗಿಂತ ಒಳ್ಳೆಯದು ಸಿಗುವುದಿಲ್ಲ. ಸಣ್ಣ ಬೆರಳಿನ ದಪ್ಪದ ಮೆತ್ತನೆಯ ಹತ್ತಿ ಹಗ್ಗ ಒಂದು ಮೀಟರಿಗಿಂತ ತುಸು ಹೆಚ್ಚು. ಕೆಂಪು ದಾರ, ಹಸಿರು ದಾರ, ಸೂಜಿ, ಗುಂಡುಪಿನ್ನು, ಸೇಫ್ಟಿ ಪಿನ್ನು, ಎರಡೂ ಕಡೆ ಅಂಟುವ ಟೇಪು. ಕೈ ತೂರುವಷ್ಟು ಅಗಲದ ಒಂದು ಬಳೆ. ಒಂದು ತುಂಡು ಸ್ಪಂಜು, ಒಂದು ಅವರೆಕಾಳು. ಮನೆಯಲ್ಲಿಲ್ಲದ್ದು ಚಿಕ್ಕಪೇಟೆಯ ಗಲ್ಲಿಗಳಲ್ಲಿ ಒಂದೇ ಸುತ್ತಿಗೆ ಸಿಗುತ್ತದೆ. ಫೆವಿಕಾಲ್ ಬೇಡ. ಅಂಟಿಸಿದ್ದನ್ನು ಆಮೇಲೆ ಬಿಡಿಸುವ ಕೆಲಸವಿದೆ.

ಎರಡು ತುಂಡು ಬಟ್ಟೆಯನ್ನು ಒಂದರ ಮೇಲೊಂದಿಟ್ಟು ಗುರುತು ಹಾಕಿ. ಒಂದು ಉದ್ದಂಚಿನಿಂದ 15 ಸೆಂಟಿಮೀಟರ್ ರಟ್ಟಿಗೆ ಅಂಟಿಸಲು ಬಿಡಿ. ಅದರಾಚೆ 8 ಸೆಂಟಿಮೀಟರ್ ಅಗಲದ ಪಟ್ಟಿ. ಪಟ್ಟಿಯ ನಟ್ಟನಡುವೆ, 10 ಸೆಂಟಿಮೀಟರ್ ಬುಡದ ಒಂದು ನಾಲಗೆ ಇನ್ನೂ 17 ಸೆಂಟಿಮೀಟರ್ ಮುಂದಕ್ಕೆ ಚಾಚಿರಲಿ. ತಲೆಯ ಕಡೆ, ಜಠರ ಬರುವಲ್ಲಿ, ಪಟ್ಟಿ 20 ಸೆಂಟಿಮೀಟರ್ ಅಗಲವಿರಲಿ. ಹೆಚ್ಚಾದದ್ದನ್ನು ಸದ್ಯಕ್ಕೆ ಮಡಿಸಿ ಸೇಫ್ಟಿ ಪಿನ್ನು ಹಾಕಿಡಿ. ಭ್ರೂಣದಲ್ಲಿ ಇವೆಲ್ಲ ಬೆಳೆಯುತ್ತ ಉದ್ದವಾಗುವ ಭಾಗಗಳು. ನಮ್ಮ ಪಂಚೆ ಬೆಳೆಯುವುದಿಲ್ಲವಾದ್ದರಿಂದ ಮೊದಲೇ ಬಿಟ್ಟುಕೊಳ್ಳಬೇಕು.

ಇನ್ನೊಂದು ಮಾತು, ಇಲ್ಲೇ ಎಲ್ಲರೂ ತಪ್ಪುವುದು. ರಟ್ಟನ್ನು ಮೇಜಿನ ಮೇಲೆ ಮಲಗಿಸಿ, ತಲೆಯ ಕಡೆ ನಿಮ್ಮಿಂದ ದೂರಕ್ಕಿರಲಿ. ರಟ್ಟು ಭ್ರೂಣದ ಬೆನ್ನು, ನೀವು ನೋಡುತ್ತಿರುವುದು ಹೊಟ್ಟೆಯ ಕಡೆಯಿಂದ. ಹಾಗಾಗಿ ನಿಮ್ಮ ಬಲಗೈ ಕಡೆಯದು ಭ್ರೂಣದ ಎಡ. ರಟ್ಟಿನ ಎರಡೂ ಅಂಚಿನಲ್ಲಿ ದೊಡ್ಡದಾಗಿ "ಎಡ", "ಬಲ" ಎಂದು ಬರೆದಿಡಿ. ಮುಂದೆ ನಾನು ಹೇಳುವ ಎಡಬಲವೆಲ್ಲ ಭ್ರೂಣದ್ದು.

ಮೊದಲ ಹೆಜ್ಜೆ: ಎರಡು ಪದರ ಕೂಡುವುದು

3ನೇ ವಾರದ ಭ್ರೂಣ ಮೂರು ಪದರದ ಚಪ್ಪಟೆ ತಟ್ಟೆ. ನಡುಪದರದ ಎಡ ಬಲ ಅಂಚುಗಳು ಎರಡೆರಡು ಹೋಳಾಗಿ ಸೀಳುತ್ತವೆ. ಒಂದು ಹೋಳು ಮೇಲ್ಪದರದೊಂದಿಗೆ ಕೂಡಿ ಮೈಯ ಗೋಡೆಯಾಗುತ್ತದೆ, ಇನ್ನೊಂದು ಒಳಪದರದೊಂದಿಗೆ ಕೂಡಿ ಕರುಳಿನ ಗೋಡೆಯಾಗುತ್ತದೆ. ನಡುವೆ ಉಳಿದ ಖಾಲಿ ಜಾಗವೇ ಮುಂದೆ ಹೊಟ್ಟೆಯ ಪೊಳ್ಳು. 4ನೇ ವಾರದಲ್ಲಿ ಆ ತಟ್ಟೆ, ಬಾಳೆಲೆಯಲ್ಲಿ ಹೂವು ಕಟ್ಟುವಂತೆ, ಎರಡೂ ಬದಿಯಿಂದ ಹೊಟ್ಟೆಯ ಕಡೆಗೆ ಮಡಚಿಕೊಳ್ಳುತ್ತದೆ. ಒಳಗೆ ಕರುಳಿನ ಕೊಳವೆ ಉಳಿಯುತ್ತದೆ. ಮೊದಮೊದಲು ಅದು ಬೆನ್ನಿನ ಗೋಡೆಗೆ ಅಗಲವಾಗಿ ಹತ್ತಿಕೊಂಡಿರುತ್ತದೆ. 5ನೇ ವಾರಕ್ಕೆ ಆ ಹಿಡಿತ ಕಿರಿದಾಗಿ ಎರಡು ಪದರದ ತೆಳು ಹಾಳೆಯಾಗುತ್ತದೆ. ಅನ್ನನಾಳದ ಕೆಳತುದಿಯಿಂದ ಹಿಡಿದು ಕೆಳಗೆ ಕ್ಲೋಯಾಕದವರೆಗೆ (ಭ್ರೂಣದ ಕರುಳಿನ ಕೆಳತುದಿ) ಹಬ್ಬಿದ ಈ ಹಾಳೆಯೇ ಡಾರ್ಸಲ್, ಅಂದರೆ ಬೆನ್ನಿನ ಕಡೆಯ, ಮೆಸೆಂಟರಿ.

ನೀವು ಮಾಡಬೇಕಾದದ್ದು: ಒಂದು ತುಂಡಿನ 15 ಸೆಂಟಿಮೀಟರ್ ಅಂಚನ್ನು ರಟ್ಟಿನ ಎಡಭಾಗಕ್ಕೆ, ಇನ್ನೊಂದರದ್ದನ್ನು ಬಲಭಾಗಕ್ಕೆ ಟೇಪಿನಲ್ಲಿ ಅಂಟಿಸಿ. ಎರಡೂ ರಟ್ಟಿನ ನಡುಗೆರೆಯಲ್ಲಿ ಸಂಧಿಸಿ, ಅಲ್ಲಿಂದ ಬೆನ್ನಿಗೆ ಬೆನ್ನು ಕೊಟ್ಟು ಮೇಲಕ್ಕೇಳಬೇಕು. ಮೇಲಂಚಿನ ಉದ್ದಕ್ಕೂ, ನಾಲಗೆಯ ಬಾಗನ್ನೂ ಬಿಡದೆ, ಹಗ್ಗವನ್ನು ನಡುವೆ ಸೇರಿಸಿ ಹೊಲಿಯಿರಿ. ಹೊಲಿದಾದ ಮೇಲೆ ಬೆರಳನ್ನು ರಟ್ಟಿನ ಎಡ ಅಂಚಿನಲ್ಲಿಟ್ಟು ಬಟ್ಟೆಯ ಮೇಲೆ ಸವರುತ್ತ ಬನ್ನಿ: ಗೋಡೆ, ನಡುಗೆರೆ, ಮೇಲಕ್ಕೆ, ಹಗ್ಗದ ಸುತ್ತ, ಇನ್ನೊಂದು ಬದಿಯಲ್ಲಿ ಕೆಳಕ್ಕೆ, ಮತ್ತೆ ಗೋಡೆ. ಎಲ್ಲೂ ಬೆರಳೆತ್ತಬೇಕಾಗುವುದಿಲ್ಲ.

ಎರಡನೆಯ ಹೆಜ್ಜೆ: ಮೂರು ಕೆಂಪು ದಾರ

ನಡುಗೆರೆಯಿಂದ ಹಗ್ಗದವರೆಗೆ, ಎರಡು ಪದರದ ಒಳಗೆ, ಮೂರು ಕೆಂಪು ದಾರ ಎಳೆಯಿರಿ. ಇವು ರಕ್ತ ತರುವ ಮೂರು ಅಪಧಮನಿಗಳು. ಮೇಲಿನದು ಸೀಲಿಯಾಕ್: ಜಠರ, ಲಿವರ್, ಡ್ಯುಯೊಡಿನಮ್ಮಿನ (ಜಠರದಾಚೆ ಶುರುವಾಗುವ ಸಣ್ಣ ಕರುಳಿನ ಮೊದಲ ಭಾಗ) ಮೇಲರ್ಧದ ಕಡೆಗೆ. ನಾಲಗೆಯ ನಡುವೆ ನೇರ ತುದಿಯತ್ತ ಹೋಗುವುದು ಸುಪೀರಿಯರ್ ಮೆಸೆಂಟರಿಕ್. ಕೆಳಗಿನದು ಇನ್‌ಫೀರಿಯರ್ ಮೆಸೆಂಟರಿಕ್. ನಡುವಿನ ದಾರವನ್ನು ಎರಡೆಳೆ ಮಾಡಿ ದಪ್ಪವಾಗಿಸಿ. ಮುಂದಿನ ಕಥೆಯೆಲ್ಲ ಅದರ ಸುತ್ತಲೇ ನಡೆಯುವುದು.

ಮೂರನೆಯ ಹೆಜ್ಜೆ: ಜಠರ ಹೊರಳುವುದು

ಹೊಟ್ಟೆಯ ಮುಂಗೋಡೆಯ ಕಡೆಗೂ ಒಂದು ಮೆಸೆಂಟರಿ ಇದೆ. ಆದರೆ ಅದು ಅನ್ನನಾಳದ ಕೊನೆ, ಜಠರ, ಡ್ಯುಯೊಡಿನಮ್ಮಿನ ಆರಂಭ, ಇಷ್ಟಕ್ಕೆ ಮಾತ್ರ. ಅಂಗೈ ಅಗಲದ ಬಟ್ಟೆಯನ್ನು ಎರಡು ಪದರ ಮಾಡಿ ಜಠರದ ಜಾಗದಲ್ಲಿ ಹಗ್ಗದ ಮುಂಬದಿಗೆ ಹೊಲಿಯಿರಿ, ಪದರದೊಳಗೆ ಸ್ಪಂಜು ತೂರಿಸಿ. ಸ್ಪಂಜೇ ಲಿವರ್. ಜಠರದಿಂದ ಲಿವರ್‌ವರೆಗಿನ ಬಟ್ಟೆ ಲೆಸ್ಸರ್ ಓಮೆಂಟಮ್, ಲಿವರ್‌ನಿಂದ ಮುಂಗೋಡೆಯವರೆಗಿನದು ಫಾಲ್ಸಿಫಾರ್ಮ್ ಲಿಗಮೆಂಟ್. ಕೇಳಲು ಬೇರೆ ಬೇರೆ ಹೆಸರು, ಲಿವರ್ ನಡುವೆ ಬಂದು ಕೂತದ್ದರಿಂದ ಇಬ್ಭಾಗವಾದ ಒಂದೇ ಪಟ್ಟಿ. ಈ ಪಟ್ಟಿಗೆ ಕೆಳಗಡೆ ಬಿಡಿ ಅಂಚೊಂದಿದೆ, ನೆನಪಿರಲಿ.

ಈಗ ಜಠರದ ಜಾಗದ ಹಗ್ಗಕ್ಕೆ ಸ್ವಲ್ಪ ಹತ್ತಿ ಸುತ್ತಿ ಉಬ್ಬಿಸಿ. ಅದರ ಎಡಮೈ ಮೇಲೆ "ಎ", ಬಲಮೈ ಮೇಲೆ "ಬ" ಬರೆಯಿರಿ. ಹಿಂಬದಿಯ ಮಡಿಕೆಯ ಪಿನ್ನು ತೆಗೆಯಿರಿ. ಮಡಿಕೆಯ ಎರಡು ಪದರದ ನಡುವೆ ಅವರೆಕಾಳನ್ನಿಟ್ಟು ಒಂದು ಹೊಲಿಗೆ ಹಾಕಿ: ಇದು ಸ್ಪ್ಲೀನ್, ಅಂದರೆ ಗುಲ್ಮ, 5ನೇ ವಾರದಲ್ಲಿ ಇದೇ ಹಾಳೆಯೊಳಗೆ ಹುಟ್ಟುವುದು. ಆಮೇಲೆ ಜಠರವನ್ನು ಅದರ ಉದ್ದನೆಯ ಅಕ್ಷದ ಮೇಲೆ 90 ಡಿಗ್ರಿ ತಿರುಗಿಸಿ, "ಎ" ಅಕ್ಷರ ನಿಮ್ಮ ಕಣ್ಣೆದುರು ಬರುವಂತೆ. ಬೆನ್ನಿನ ಕಡೆಗಿದ್ದ ಅಂಚು ಎಡಕ್ಕೆ ಹೊರಳುತ್ತದೆ, ಜೊತೆಗೆ ಅವರೆಕಾಳೂ ಎಡಕ್ಕೆ ಹೋಗುತ್ತದೆ. ಮಿದುಳಿನಿಂದ ಇಳಿದು ಬರುವ ಎಡ ವೇಗಸ್ ನರ ದೊಡ್ಡವರ ಜಠರದ ಮುಂದೆ ಹರಡಿರುವುದಕ್ಕೂ, ಸ್ಪ್ಲೀನ್ ಎಡಗಡೆ ಇರುವುದಕ್ಕೂ ಉತ್ತರ ಒಂದೇ ಹೊರಳಿನಲ್ಲಿ ಸಿಕ್ಕಿತು.

ಜಠರದ ಹಿಂದೆ ನೋಡಿ, ಒಂದು ಜೇಬು ಆಗಿದೆ. ಲೆಸ್ಸರ್ ಓಮೆಂಟಮ್ಮಿನ ಆ ಬಿಡಿ ಅಂಚಿನ ಹಿಂದಿನಿಂದ, ಬಲಗಡೆಯಿಂದ ಬೆರಳು ತೂರಿಸಿದರೆ ನೇರ ಆ ಜೇಬಿನೊಳಗೆ ಹೋಗುತ್ತದೆ. ನೀವು ಈಗ ಆ ಜೇಬಿನ ಬಾಯಿಯಾದ ವಿನ್‌ಸ್ಲೋ ರಂಧ್ರದಲ್ಲಿ ಬೆರಳಿಟ್ಟಿದ್ದೀರಿ. ಪಿತ್ತನಾಳ, ಲಿವರ್‌ಗೆ ರಕ್ತ ತರುವ ಹೆಪಾಟಿಕ್ ಆರ್ಟರಿ ಮತ್ತು ಪೋರ್ಟಲ್ ವೇಯ್ನ್, ಮೂರೂ ಇರುವುದು ನಿಮ್ಮ ಬೆರಳಿನ ಮುಂದಿನ ಆ ಅಂಚಿನೊಳಗೆ. ಲಿವರ್‌ನ ಶಸ್ತ್ರಕ್ರಿಯೆಯಲ್ಲಿ ರಕ್ತ ತಡೆಯಲು ಸರ್ಜನ್ ಹೆಬ್ಬೆರಳು ತೋರುಬೆರಳಿನ ನಡುವೆ ಅದುಮುವುದೂ ಇದನ್ನೇ.

ಜಠರದಿಂದ ಎಡಕ್ಕೆ ಹೊರಳಿದ ಹೆಚ್ಚುವರಿ ಬಟ್ಟೆ ಜೋಳಿಗೆಯಂತೆ ಕೆಳಗೆ ಜೋತುಬೀಳಲಿ. ಅದು ಗ್ರೇಟರ್ ಓಮೆಂಟಮ್. ಮುಂದೆ ಅದು ಟ್ರಾನ್ಸ್‌ವರ್ಸ್ ಕೋಲನ್ ಮೇಲೆ ಹಾದು, ಅದರ ಮೆಸೆಂಟರಿಗೆ ಅಂಟುತ್ತದೆ. ಜೋಳಿಗೆಯ ಒಳಪದರಗಳೂ ಕೂಡಿಕೊಳ್ಳುತ್ತವೆ.

ನಾಲ್ಕನೆಯ ಹೆಜ್ಜೆ: ಕರುಳು ಬಳ್ಳಿಯೊಳಗೆ ಹೋಗುವುದು

6ನೇ ವಾರದಲ್ಲಿ ನಡುಗರುಳು, ಅಂದರೆ ನಮ್ಮ ನಾಲಗೆಯ ಅಂಚಿನ ಹಗ್ಗ, ಎಷ್ಟು ಬೇಗ ಉದ್ದವಾಗುತ್ತದೆ, ಲಿವರ್ ಎಷ್ಟು ಬೇಗ ದೊಡ್ಡದಾಗುತ್ತದೆ ಎಂದರೆ ಪುಟ್ಟ ಹೊಟ್ಟೆಯಲ್ಲಿ ಎರಡಕ್ಕೂ ಜಾಗ ಸಾಲುವುದಿಲ್ಲ. ಕರುಳಿನ ಕುಣಿಕೆ ಹೊಕ್ಕುಳಿನ ಮೂಲಕ ಹೊರಬಂದು ಹೊಕ್ಕುಳಬಳ್ಳಿಯೊಳಗೆ ಸೇರುತ್ತದೆ. 10ನೇ ವಾರದವರೆಗೂ ಅಲ್ಲೇ ವಾಸ. ನಾವು ಮಕ್ಕಳನ್ನು ಕರುಳಬಳ್ಳಿ ಎನ್ನುತ್ತೇವಲ್ಲ, ಆ ನಾಲ್ಕು ವಾರ ಪ್ರತಿಯೊಬ್ಬರ ಕರುಳೂ ನಿಜವಾಗಿ ಬಳ್ಳಿಯಲ್ಲೇ ಇತ್ತು. ಇದನ್ನು ಹೇಳುವಾಗ ನನಗೆ ಪ್ರತಿಸಲವೂ ಮೈ ಜುಮ್ಮೆನ್ನುತ್ತದೆ.

ಬಳೆ ಹೊಕ್ಕುಳು. ನಾಲಗೆಯನ್ನು ಬಳೆಯೊಳಗಿಂದ ಮೇಲಕ್ಕೆ ತೂರಿಸಿ ಎತ್ತಿ ಹಿಡಿಯಿರಿ. ನಡುವೆ ದಪ್ಪ ಕೆಂಪು ದಾರ, ತಲೆಯ ಕಡೆ ಹಗ್ಗದ ಮೇಲ್ತೋಳು, ಕಾಲಿನ ಕಡೆ ಕೆಳತೋಳು. ಮೇಲ್ತೋಳು ಮುಂದೆ ಸಣ್ಣ ಕರುಳಿನ ಭಾಗಗಳಾದ ಡ್ಯುಯೊಡಿನಮ್ಮಿನ ಕೆಳಭಾಗ, ಜೆಜುನಮ್, ಇಲಿಯಮ್ಮಿನ ಬಹುಭಾಗ ಆಗುತ್ತದೆ. ಕೆಳತೋಳು ಇಲಿಯಮ್ಮಿನ ಕೊನೆ, ಸೀಕಮ್ (ದೊಡ್ಡ ಕರುಳಿನ ಆರಂಭದ ಚೀಲ), ಅಪೆಂಡಿಕ್ಸ್, ಅಸೆಂಡಿಂಗ್ ಕೋಲನ್, ಟ್ರಾನ್ಸ್‌ವರ್ಸ್ ಕೋಲನ್ನಿನ ಮೊದಲ ಮೂರರಲ್ಲಿ ಎರಡು ಪಾಲು. ಕೆಳತೋಳಿನ ಮೇಲೆ, ತುದಿಯ ಹತ್ತಿರ, ಹಸಿರು ದಾರದ ಗಂಟು ಹಾಕಿ: ಅದು ಸೀಕಮ್.

ಈಗ ಕೆಂಪು ದಾರವನ್ನು ಅಚ್ಚಾಗಿಟ್ಟುಕೊಂಡು ಕುಣಿಕೆಯನ್ನು 90 ಡಿಗ್ರಿ ಅಪ್ರದಕ್ಷಿಣವಾಗಿ ತಿರುಗಿಸಿ. ದೇವಸ್ಥಾನ ಸುತ್ತುವುದರ ಉಲ್ಟಾ ದಿಕ್ಕು. ಮೇಲ್ತೋಳು ಬಲಕ್ಕೆ, ಕೆಳತೋಳು ಎಡಕ್ಕೆ ಬಂದರೆ ಸರಿ.

ಐದನೆಯ ಹೆಜ್ಜೆ: ಒಳಗೆ ಮರಳುವುದು

10ನೇ ವಾರದಲ್ಲಿ ಕರುಳು ಮರಳುತ್ತದೆ, ಮರಳುತ್ತ ಇನ್ನೂ 180 ಡಿಗ್ರಿ ತಿರುಗುತ್ತದೆ. ಒಟ್ಟು 270. ಅವಸರ ಬೇಡ, ಎರಡು ಕೈಯನ್ನೂ ಬಳಸಿ. ಮೊದಲು ಒಳಹೋಗುವುದು ಮೇಲ್ತೋಳು: ಅದನ್ನು ಕೆಂಪು ದಾರದ ಅಡಿಯಿಂದ, ಅಂದರೆ ರಟ್ಟಿನ ಕಡೆಯಿಂದ, ಎಡಕ್ಕೆ ತಳ್ಳಿ. ಅದು ಹೋಗಿ ಕೂರುವ ರಭಸಕ್ಕೆ ನಾಲಗೆಯ ಕೆಳಗಿನ ಹಗ್ಗ, ಅಂದರೆ ಹಿಂಗರುಳು, ಎಡಗೋಡೆಯತ್ತ ಸರಿಯುತ್ತದೆ. ಡಿಸೆಂಡಿಂಗ್ ಕೋಲನ್ ಎಡಗಡೆ ಇರುವುದು ಹೀಗೆ. ಕೊನೆಗೆ ಹಸಿರು ಗಂಟನ್ನು ಕೆಂಪು ದಾರದ ಮೇಲಿನಿಂದ ದಾಟಿಸಿ ಬಲಕ್ಕೆ, ಸ್ಪಂಜಿನ ಕೆಳಗೆ ತನ್ನಿ. ಅಲ್ಲಿಂದ ನಿಧಾನವಾಗಿ ಕೆಳಕ್ಕೆ, ಬಲ ಸೊಂಟದ ಮೂಳೆಯ ಒಳಬದಿಗೆ ಇಳಿಸಿ.

ಸರಿಯಾಗಿದೆಯೇ ಎಂದು ತಿಳಿಯಲು ಕೆಂಪು ದಾರವನ್ನು ನೋಡಿ. ಡ್ಯುಯೊಡಿನಮ್ ಅದರ ಹಿಂದೆ, ಟ್ರಾನ್ಸ್‌ವರ್ಸ್ ಕೋಲನ್ ಅದರ ಮುಂದೆ ಇರಬೇಕು. ಇಲ್ಲದಿದ್ದರೆ ಬಿಚ್ಚಿ ಮತ್ತೆ ತಿರುಗಿಸಿ. ಆ ಹುಡುಗಿ ಮೂರು ಸಲ ಬಿಚ್ಚಿದಳು, ನಾಲ್ಕನೆಯ ಸಲ ಕಣ್ಣು ಮುಚ್ಚಿಕೊಂಡು ಮಾಡಿದಳು.

ತಿರುವು ಯಾವಾಗಲೂ ಒಂದೇ ದಿಕ್ಕಿಗೆ ಯಾಕೆ ಎಂದು ಅವಳೇ ಆಮೇಲೆ ಕೇಳಿದಳು. ಸುಳಿವು ಸಿಕ್ಕಿರುವುದೂ ಮೆಸೆಂಟರಿಯಲ್ಲೇ. ಕೋಳಿ ಮತ್ತು ಇಲಿಯ ಭ್ರೂಣಗಳಲ್ಲಿ ನಡೆದ, 2008ರಲ್ಲಿ ಪ್ರಕಟವಾದ ಸಂಶೋಧನೆಗಳು ತೋರಿಸಿದ್ದು ಇದು: ಹಾಳೆಯ ಎಡ ಅರ್ಧದ ಕೋಶಗಳು ಒತ್ತೊತ್ತಾಗಿ ನಿಲ್ಲುತ್ತವೆ, ಬಲ ಅರ್ಧದವು ಚದುರಿ ಹರಡುತ್ತವೆ. ಹಾಳೆ ಎಡಕ್ಕೆ ವಾಲುತ್ತದೆ, ಕರುಳಿನ ಮೊದಲ ಓಲು ಅಲ್ಲಿ ಶುರು.

ಆರನೆಯ ಹೆಜ್ಜೆ: ಅಂಟುವುದು

ಅಸೆಂಡಿಂಗ್ ಮತ್ತು ಡಿಸೆಂಡಿಂಗ್ ಕೋಲನ್‌ಗಳ ಬಟ್ಟೆಯನ್ನು ಅದರದರ ಬದಿಗೆ ಮಲಗಿಸಿ, ಅಡಿಯಲ್ಲಿ ಟೇಪು ಹಾಕಿ ಗೋಡೆಯ ಬಟ್ಟೆಗೆ ಒತ್ತಿ. ಡ್ಯುಯೊಡಿನಮ್ಮನ್ನೂ, ಆರಂಭದ ತುಣುಕು ಬಿಟ್ಟು, ಹಾಗೆಯೇ ಅಂಟಿಸಿ. ಟ್ರಾನ್ಸ್‌ವರ್ಸ್ ಕೋಲನ್, ಸಿಗ್ಮಾಯ್ಡ್ (ಕೋಲನ್ನಿನ ಕೊನೆಯ ಬಾಗು), ಅಪೆಂಡಿಕ್ಸ್, ಉಳಿದ ಸಣ್ಣ ಕರುಳು: ಇವು ಅಂಟುವುದಿಲ್ಲ, ತೂಗಾಡುತ್ತಲೇ ಇರುತ್ತವೆ.

ಅಸೆಂಡಿಂಗ್ ಕೋಲನ್ನಿನ ಬಟ್ಟೆಯಿಂದ ಟ್ರಾನ್ಸ್‌ವರ್ಸ್ ಕೋಲನ್ನಿನ ಬಟ್ಟೆಗೆ ಬೆರಳು ಸವರಿಕೊಂಡು ಹೋಗಿ. ನಡುವೆ ಗಡಿಯೇನೂ ಇಲ್ಲ. ಅಂಟಿದ ಜಾಗ ಮುಗಿದು ಅಂಟದ ಜಾಗ ಶುರುವಾಗುತ್ತದೆ, ಅಷ್ಟೇ. ಅಂಗರಚನೆಯ ತಜ್ಞ ಕಾರ್ಲ್ ಟೋಲ್ಟ್ 1879ರಲ್ಲೇ ಇದನ್ನು ಕಂಡುಕೊಂಡಿದ್ದರು. ಮೆಸೆಂಟರಿ ಮಾಯವಾಗುವುದಿಲ್ಲ, ಗೋಡೆಗೆ ಒತ್ತಿಕೊಂಡು ಉಳಿಯುತ್ತದೆ ಎಂದರು. ಅಂಟಿದ ಆ ಪದರಕ್ಕೆ ಇಂದಿಗೂ ಅವರ ಹೆಸರಿದೆ. ಆದರೆ 1885ರಲ್ಲಿ ಲಂಡನ್ನಿನ ಸರ್ಜನ್ ಫ್ರೆಡೆರಿಕ್ ಟ್ರೀವ್ಸ್ ಅದನ್ನು ತುಂಡುತುಂಡಾಗಿ ವರ್ಣಿಸಿದರು, ಪಠ್ಯಗಳು ನೂರು ವರ್ಷಕ್ಕೂ ಹೆಚ್ಚು ಕಾಲ ಅದನ್ನೇ ಹಿಡಿದವು. ಐರ್ಲೆಂಡಿನ ಲಿಮೆರಿಕ್ ವಿಶ್ವವಿದ್ಯಾಲಯದ ಕ್ಯಾಲ್ವಿನ್ ಕಾಫಿ ಮತ್ತು ಪೀಟರ್ ಓಲಿಯರಿ 2016ರಲ್ಲಿ ಮೆಸೆಂಟರಿ ಅಖಂಡ, ಅದನ್ನು ಒಂದು ಅಂಗವೆಂದೇ ಕಾಣಬೇಕು ಎಂದು ವಾದಿಸಿದಾಗ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಅಂಗವೋ ಅಲ್ಲವೋ ಎಂಬ ಚರ್ಚೆ ಇರಲಿ. ಅಖಂಡ ಎಂಬ ಮಾತಿಗೆ ನಿಮ್ಮ ಕೈಯಲ್ಲಿರುವ ಪಂಚೆಯೇ ಸಾಕ್ಷಿ.

ಟೇಪನ್ನು ಒಂದು ಬದಿಯಿಂದ ಮೆಲ್ಲಗೆ ಬಿಡಿಸಿ ನೋಡಿ. ಬಟ್ಟೆ ಹರಿಯದೆ, ಕೆಂಪು ದಾರಕ್ಕೆ ತಾಗದೆ, ಇಡೀ ಕೋಲನ್ ಮೇಲಕ್ಕೇಳುತ್ತದೆ. ಕೋಲನ್ ಕ್ಯಾನ್ಸರಿನ ಸರ್ಜನ್ ಮಾಡುವುದು ಇದೇ ಕೆಲಸ: 10ನೇ ವಾರದ ನಂತರ ಅಂಟಿದ್ದನ್ನು, ಅಂಟಿದ ಗೆರೆಯಲ್ಲೇ ಬಿಡಿಸುವುದು. ಆ ಗೆರೆಯಲ್ಲಿ ರಕ್ತಸ್ರಾವ ತೀರ ಕಡಿಮೆ.

ಕೊನೆಯಲ್ಲಿ ಸಣ್ಣ ಕರುಳಿನ ಬುಡವನ್ನು ನೋಡಿ. ಮೇಲೆ ಎಡಗಡೆಯಿಂದ ಕೆಳಗೆ ಬಲಗಡೆಗೆ ಓರೆಯಾಗಿ ಇಳಿದಿದೆ. ದೊಡ್ಡವರಲ್ಲಿ ಎರಡನೆಯ ಸೊಂಟದ ಕಶೇರುವಿನ ಎಡದಿಂದ ಬಲ ಸ್ಯಾಕ್ರೋಇಲಿಯಾಕ್ ಕೀಲಿನವರೆಗೆ (ಬೆನ್ನುಮೂಳೆ ಸೊಂಟದ ಮೂಳೆಗೆ ಕೂಡುವ ಜಾಗ) ಸುಮಾರು 15 ಸೆಂಟಿಮೀಟರ್, ಒಂದು ಗೇಣೂ ಇಲ್ಲ. ಇನ್ನೊಂದು ಅಂಚಿನಲ್ಲಿ ಕರುಳು ಸುಮಾರು 6 ಮೀಟರ್. ಸೀರೆಯ ನೆರಿಗೆ ಹಿಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಸೊಂಟದಲ್ಲಿ ಒಂದು ಹಿಡಿ, ಪಾದದ ಬಳಿ ಮೊಳಗಟ್ಟಲೆ.

ಸುರುಳಿ ಎಲ್ಲಿಂದ ಬಂತು?

ಇದು ಬೇರೆ ಪ್ರಯೋಗ, ಮಕ್ಕಳಿಗೂ ಮಾಡಿಸಬಹುದು. ಹಳೆಯ ಲೆಗ್ಗಿಂಗಿನಿಂದ ಹಿಗ್ಗುವ ಬಟ್ಟೆಯ ಪಟ್ಟಿಯೊಂದನ್ನು ಕತ್ತರಿಸಿ. ಅದರ ಒಂದು ಅಂಚನ್ನು ಎರಡರಷ್ಟು ಹಿಗ್ಗಿಸಿ ಪಿನ್ನು ಹೊಡೆದು, ಆ ಅಂಚಿಗೆ ಹಗ್ಗವನ್ನು ಸೆಂಟಿಮೀಟರಿಗೊಂದರಂತೆ ಹೊಲಿಗೆ ಹಾಕಿ ಕೂಡಿಸಿ. ಪಿನ್ನು ತೆಗೆಯಿರಿ. ಹಗ್ಗ ತಾನಾಗಿ ಬಾಗಿ ಬಾಗಿ ಸುತ್ತಿಕೊಳ್ಳುತ್ತದೆ.

ಹಾರ್ವರ್ಡಿನಲ್ಲಿ ಕ್ಲಿಫರ್ಡ್ ಟ್ಯಾಬಿನ್, ಎಲ್. ಮಹಾದೇವನ್ ಮತ್ತು ಸಂಗಡಿಗರು ರಬ್ಬರಿನ ಹಾಳೆ, ರಬ್ಬರಿನ ಕೊಳವೆಗಳಲ್ಲಿ ಮಾಡಿದ್ದೂ ಇದನ್ನೇ, 2011ರಲ್ಲಿ ಪ್ರಕಟಿಸಿದರು. ಕರುಳು ಬೇಗ ಬೆಳೆಯುತ್ತದೆ, ಮೆಸೆಂಟರಿ ನಿಧಾನ, ಆ ಎಳೆತಕ್ಕೆ ಕರುಳು ಸುರುಳಿಯಾಗುತ್ತದೆ. ಕೋಳಿಯ ಭ್ರೂಣದ ಕರುಳನ್ನು ಮೆಸೆಂಟರಿಯಿಂದ ಬಿಡಿಸಿದಾಗ ಅದು ನೇರವಾಗಿಬಿಟ್ಟಿತು. ದಪ್ಪ ಹಗ್ಗದಲ್ಲೂ ಸಣ್ಣ ಹಗ್ಗದಲ್ಲೂ ಮಾಡಿ ಸುರುಳಿ ಎಣಿಸಿ. ಗಡುಸು ಹಗ್ಗಕ್ಕೆ ದೊಡ್ಡ ದೊಡ್ಡ ಕೆಲವೇ ಸುರುಳಿಗಳು, ಮೆತ್ತನೆಯದಕ್ಕೆ ಚಿಕ್ಕವು ಹೆಚ್ಚು.

ಏಳನೆಯ ಹೆಜ್ಜೆ: ತಪ್ಪಿದ ತಿರುವು

ಇದನ್ನು ಬಿಡಲೇಬೇಡಿ. ಟೇಪೆಲ್ಲ ಬಿಡಿಸಿ, ಕುಣಿಕೆಯನ್ನು ಮತ್ತೆ ಎತ್ತಿ, ಈ ಸಲ 90 ಡಿಗ್ರಿಗೇ ನಿಲ್ಲಿಸಿ ಒಳಗೆ ಇಳಿಸಿ. ಸಣ್ಣ ಕರುಳೆಲ್ಲ ಬಲಕ್ಕೆ, ದೊಡ್ಡ ಕರುಳೆಲ್ಲ ಎಡಕ್ಕೆ ಬೀಳುತ್ತದೆ. ಏನೂ ಸರಿಯಾಗಿ ಅಂಟುವುದಿಲ್ಲ. ಓರೆಯಾಗಿ ಅಗಲಕ್ಕೆ ಹಬ್ಬಬೇಕಿದ್ದ ಬುಡ ಒಂದು ಕಿರಿದಾದ ಕಂಬವಾಗಿದೆ. ಈಗ ಇಡೀ ಕುಣಿಕೆಯನ್ನು ಎರಡು ಸುತ್ತು ತಿರುಚಿ, ಕೆಂಪು ದಾರದ ಮೇಲೆ ಬಟ್ಟೆ ಹೇಗೆ ಬಿಗಿಯುತ್ತದೆ ಎಂದು ಬೆರಳಿನಲ್ಲೇ ನೋಡಿ. ಇದಕ್ಕೆ ಮಿಡ್‌ಗಟ್ ವಾಲ್ವುಲಸ್ ಎನ್ನುತ್ತಾರೆ. ನಿಜವಾದ ಮಗುವಿನಲ್ಲಿ ಇಡೀ ನಡುಗರುಳಿಗೆ ರಕ್ತ ನಿಲ್ಲುತ್ತದೆ, ಕೆಲವೇ ಗಂಟೆಗಳಲ್ಲಿ ಕರುಳು ಸಾಯಬಹುದು.

ಇದು ಹೆಚ್ಚಾಗಿ ಕಾಣುವುದು ಹುಟ್ಟಿದ ಮೊದಲ ತಿಂಗಳಲ್ಲಿ. ಎಳೆಗೂಸು ಹಾಲು ಕಕ್ಕುವುದು ಮಾಮೂಲು, ಬಿಳಿಯಾಗಿ ಮೊಸರಿನಂತೆ ಬರುತ್ತದೆ. ಹಸಿರು ವಾಂತಿ ಮಾಮೂಲಲ್ಲ. ಹಸಿರು ಎಂದರೆ ಪಿತ್ತ, ಅಂದರೆ ಡ್ಯುಯೊಡಿನಮ್ಮಿನಲ್ಲಿ ಪಿತ್ತ ಬಂದು ಸೇರುವ ಜಾಗದಿಂದ ಮುಂದೆ ಎಲ್ಲೋ ದಾರಿ ಕಟ್ಟಿರಬಹುದು. ಆಗ ಬಜೆ ತೇಯ್ದು ಹಾಕುತ್ತ, ಗ್ರೈಪ್ ವಾಟರ್ ಕುಡಿಸುತ್ತ, ಬೆಳಗಾಗಲಿ ಎಂದು ಕಾಯಬೇಡಿ. ಹೊಟ್ಟೆ ಉಬ್ಬಿಲ್ಲದಿದ್ದರೂ, ಮಗು ಆಗಷ್ಟೇ ನಗುತ್ತಿದ್ದರೂ ಕಾಯಬೇಡಿ. 108ಕ್ಕೆ ಕರೆ ಮಾಡಿ, ಇಲ್ಲವೇ ಸಿಕ್ಕ ಗಾಡಿಯಲ್ಲಿ ಮಕ್ಕಳ ಸರ್ಜನ್ ಇರುವ ಆಸ್ಪತ್ರೆಗೆ ಹೊರಡಿ. ಬಾಗಿಲಲ್ಲೇ "ಹಸಿರು ವಾಂತಿ" ಎಂಬ ಎರಡು ಪದ ಹೇಳಿ. ಸಾಧ್ಯವಾದರೆ ಕಲೆಯಾದ ಬಟ್ಟೆಯನ್ನೂ ಜೊತೆಗೆ ಒಯ್ಯಿರಿ.

ಸರ್ಜನ್ ಆಮೇಲೆ ಏನು ಮಾಡುತ್ತಾರೆ ಎಂಬುದನ್ನೂ ಪಂಚೆಯಲ್ಲೇ ಮಾಡಬಹುದು. ಅಮೆರಿಕದ ಮಕ್ಕಳ ಸರ್ಜನ್ ವಿಲಿಯಂ ಲ್ಯಾಡ್ 1936ರಲ್ಲಿ ವಿವರಿಸಿದ ವಿಧಾನವೇ ಈಗಲೂ ಆಧಾರ. ತಿರುಚಿದ್ದು ಸಾಮಾನ್ಯವಾಗಿ ಪ್ರದಕ್ಷಿಣದ ದಿಕ್ಕಿಗೆ, ಹಾಗಾಗಿ ಅಪ್ರದಕ್ಷಿಣವಾಗಿ ಬಿಚ್ಚಿ. ಸೀಕಮ್ಮಿನಿಂದ ಡ್ಯುಯೊಡಿನಮ್ ಮೇಲೆ ಹಾದುಹೋದ ಅಡ್ಡಪಟ್ಟಿಗಳಿದ್ದರೆ ಅವನ್ನು ಕತ್ತರಿಸುತ್ತಾರೆ. ಎರಡೂ ಹೆಬ್ಬೆರಳಿನಿಂದ ಬಟ್ಟೆಯ ಕಿರಿದಾದ ಬುಡವನ್ನು ಸಾಧ್ಯವಾದಷ್ಟು ಅಗಲಿಸಿ. ಮುಂದೆ 270 ಡಿಗ್ರಿಯ ತಿರುವನ್ನು ಪೂರ್ತಿ ಮಾಡಲು ಹೋಗಬೇಡಿ, ಸರ್ಜನ್ನರೂ ಹೋಗುವುದಿಲ್ಲ. ಸಣ್ಣ ಕರುಳನ್ನು ಬಲಕ್ಕೆ, ದೊಡ್ಡ ಕರುಳನ್ನು ಎಡಕ್ಕೆ ಮಲಗಿಸಿ ಬಿಡುತ್ತಾರೆ, ಬುಡ ಅಗಲವಾಗಿ ಉಳಿಯುವ ಭಂಗಿ ಅದೇ. ಸೀಕಮ್ ಎಡಕ್ಕೆ ಹೋಗುವುದರಿಂದ ಅಪೆಂಡಿಕ್ಸನ್ನು ಸಾಮಾನ್ಯವಾಗಿ ಅಲ್ಲೇ ತೆಗೆದುಬಿಡುತ್ತಾರೆ. ಮುಂದೆಂದೋ ಎಡಗಡೆ ನೋವು ಬಂದಾಗ ಅದು ಅಪೆಂಡಿಕ್ಸಿನದು ಎಂದು ಯಾರಿಗೂ ಹೊಳೆಯದೆ ಹೋಗಬಾರದು ಎಂದು.